ಮಣ್ಣಿಲ್ಲದ ಮನೆಯ ಮಾಲಿ

ನಮ್ಮ ಎದುರುಮನೆಗೆ ತಾತ ಬಂದ ದಿನವೇ ಲಿಫ್ಟು ಕೆಟ್ಟಿತ್ತು. ಅವರ ಮಗನ ಕೆಲಸವೇ ಲಿಫ್ಟು ರಿಪೇರಿ. ಊರ ಜನರನ್ನೆಲ್ಲ ಸಲೀಸಾಗಿ ಮೇಲಕ್ಕೆ ಕಳಿಸುವವನು ಸ್ವಂತ ಅಪ್ಪನನ್ನು ತೋಳು ಹಿಡಿದು ಐದು ಮಹಡಿ ಹತ್ತಿಸಬೇಕಾಯಿತು. ತಾತ ಪ್ರತಿ ತಿರುವಿನಲ್ಲೂ ಗೋಡೆಗೆ ಒರಗಿ ನಿಂತು, "ಇಷ್ಟು ಎತ್ತರದಲ್ಲಿ ಕಾಗೆ ಗೂಡು ಕಟ್ಟೋದು ನೋಡಿದೀನಿ. ಮನುಷ್ಯರೂ ಕಟ್ತಾರೆ ಅಂತ ಈಗಲೇ ಗೊತ್ತಾಗಿದ್ದು" ಎನ್ನುತ್ತಿದ್ದರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಮುಂದಿದ್ದ ಕುರ್ಚಿಯನ್ನೇ ಎತ್ತಿ ತಂದು ಮೆಟ್ಟಿಲ ಕೊನೆಯಲ್ಲಿಟ್ಟೆ. ಕೂತರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಪೆಟ್ಟಿಗೆ, ಹಾಸಿಗೆ ಎಲ್ಲವನ್ನೂ ಮಗನ ಹೆಗಲಿಗೆ ಏರಿಸಿದ್ದವರು ಆ ಚೀಲವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

"ಅದರಲ್ಲೇನು ತಾತ, ಅಷ್ಟು ಜೋಪಾನ?" ಎಂದೆ.

"ಮಣ್ಣು," ಎಂದರು, ಬಂಗಾರ ಎನ್ನುವ ಹಾಗೆ.

ತಾತ ಊರಿನ ದೊಡ್ಡ ಉದ್ಯಾನದಲ್ಲಿ ಮಾಲಿಯಾಗಿದ್ದವರು. ಮೀಸೆ ಮೂಡುವ ವಯಸ್ಸಿನಲ್ಲಿ ನೀರು ಹೊರಲು ಸೇರಿ, ಮೀಸೆ ಬೆಳ್ಳಗಾದ ಮೇಲೆ ನಿವೃತ್ತರಾದವರು. ಉದ್ಯಾನದ ಹಿಂಬಾಗಿಲ ಬಳಿ ಅವರಿಗೊಂದು ಕೋಣೆ ಕೊಟ್ಟಿದ್ದರು. ಹೆಂಡತಿ ಮದುವೆಯಾಗಿ ಬಂದದ್ದು ಆ ಕೋಣೆಗೆ, ಮಗ ಅಂಬೆಗಾಲಿಟ್ಟದ್ದು ಅದರ ಮುಂದಿನ ಹುಲ್ಲಿನ ಮೇಲೆ, ಹೆಂಡತಿ ಕಣ್ಣು ಮುಚ್ಚಿದ್ದೂ ಅಲ್ಲೇ. ಕೆಲಸ ಮುಗಿದ ಮೇಲೂ ಅವರನ್ನು ಅಲ್ಲಿಂದ ಎಬ್ಬಿಸುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಆದರೆ ಮಂಡಿ ಕೇಳಬೇಕಲ್ಲ. ಒಂದು ದಿನ ಗುಲಾಬಿ ಪಾತಿಯಲ್ಲಿ ಬಿದ್ದವರು ಏಳಲಾಗದೆ ಬಹಳ ಹೊತ್ತು ಹಾಗೇ ಮಲಗಿದ್ದರಂತೆ. "ನಾನು ಬಿದ್ದಿದ್ದಕ್ಕೆ ಬೇಜಾರಿಲ್ಲ, ಎರಡು ಗಿಡ ನನ್ನ ಕೆಳಗೆ ಸಿಕ್ಕಿಹಾಕಿಕೊಂಡವು" ಎಂದು ಅದನ್ನು ಎಲ್ಲರಿಗೂ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನವೇ ಸೊಸೆ ಗಾಡಿ ತಂದು ನಿಲ್ಲಿಸಿ ಅವರ ಹಾಸಿಗೆ ಸುತ್ತಿದಳು.

ಸೊಸೆ ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ದನಿ ಏರಿಸದೆ ಹಟ ಸಾಧಿಸುವುದರಲ್ಲಿ ಎತ್ತಿದ ಕೈ. ಅವಳು ನನ್ನ ಹತ್ತಿರ ಒಮ್ಮೆ ಹೇಳಿದ್ದಳು: "ಅಕ್ಕ, ಅಪ್ಪ ಅಂತ ಕರೆಯೋಕೆ ನನಗೆ ಬಾಯಿ ಬರೋ ಮೊದಲೇ ಅಪ್ಪ ಹೋದ್ರು. ಈಗ ಒಬ್ಬರು ಸಿಕ್ಕಿದಾರೆ. ಇವರನ್ನ ಗುಲಾಬಿ ಪಾತಿಗೆ ಬಿಟ್ಟುಕೊಡಲ್ಲ."

ಬಿಟ್ಟುಕೊಡಲ್ಲ ಎಂದರೇನು, ಅವರು ನಿಲ್ಲಬೇಕಲ್ಲ. ನಮ್ಮ ಕಟ್ಟಡದ ಹಿಂಬದಿಯ ಮನೆಗಳಿಗೆ ಬಾಲ್ಕನಿ ಇಲ್ಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ. ಬಿಸಿಲು ಆ ಸಂದಿಗೆ ಬರುವುದು ದಾರಿ ತಪ್ಪಿದಾಗ ಮಾತ್ರ. ಕಿಟಕಿಯ ಅಂಚಿನಲ್ಲಿ ಕುಂಡ ಇಡುವುದನ್ನು ಕಟ್ಟಡದವರು ನಿಷೇಧಿಸಿದ್ದರು. ಸೊಸೆ ಮನೆಯೊಳಗೇ ನಾಲ್ಕು ಕುಂಡ ತಂದಿಟ್ಟಳು. ತಾತ ಉದ್ಯಾನಕ್ಕೆ ಹಾಕುವ ಅಭ್ಯಾಸದಲ್ಲಿ ನೀರು ಹಾಕಿದರು. ಮಾರನೆಯ ದಿನ ಕೆಳಗಿನ ಮನೆಯ ಯಜಮಾನ ಒದ್ದೆ ದಿಂಬನ್ನು ಹಿಡಿದುಕೊಂಡು ಮೇಲೆ ಬಂದ. ಅಲ್ಲಿಗೆ ಕುಂಡಗಳ ಋಣ ತೀರಿತು.

ಆಮೇಲೆ ತಾತನಿಗೆ ಮಂಚದ ಮೇಲೆ ಕೂತು ಎದುರು ಗೋಡೆ ನೋಡುವುದೊಂದೇ ಕೆಲಸವಾಯಿತು. ಸಂಜೆ ಮಂಚದ ಕೆಳಗಿನ ಚೀಲ ಎಳೆದು, ಬಾಯಿ ಬಿಚ್ಚಿ, ಮಣ್ಣನ್ನು ಮೂಸಿ ಮತ್ತೆ ಕಟ್ಟಿಡುತ್ತಿದ್ದರು. ಅಷ್ಟರಲ್ಲಿ ಉದ್ಯಾನದ ಹೊಸ ಮಾಲಿ ಫೋನು ಮಾಡಿದ. ಅವನು ಇವರ ಕೈಕೆಳಗೇ ಕೆಲಸ ಕಲಿತವನು. ಕೋಣೆ ಇನ್ನೂ ಖಾಲಿ ಇದೆ, ಹೊಸ ನೀರಿನ ಪೈಪುಗಳು ಬಂದರೆ ಅಲ್ಲಿ ತುಂಬಿಸುತ್ತಾರೆ, ಅಷ್ಟರೊಳಗೆ ಬರುವುದಾದರೆ ಬನ್ನಿ ಎಂದ. ತಾತನ ಮುಖ ಅರಳಿತು. ಸೊಸೆಯದು ಬಾಡಿತು.

"ನೋಡಮ್ಮ, ನಿನ್ನ ಮೇಲೆ ನನಗೇನೂ ಬೇಸರ ಇಲ್ಲ," ಎಂದರು ತಾತ. "ಮಣ್ಣಿಲ್ಲದ ಕಡೆ ಗಿಡವೂ ಬದುಕಲ್ಲ, ನಾನೂ ಬದುಕಲ್ಲ. ಅಷ್ಟೇ."

"ಮಣ್ಣಿಲ್ಲದೆ ಗಿಡ ಬದುಕಿದ್ರೆ?"

"ಬದುಕಿದ್ರೆ ಏನು, ಹಣ್ಣು ಬಿಟ್ಟು ತೋರಿಸ್ಲಿ. ಇಲ್ಲೇ ಬಿದ್ದಿರ್ತೀನಿ."

"ಮಾತು ಕೊಟ್ಟ ಹಾಗೆ ತಾನೇ ಮಾವ?"

"ಕೊಟ್ಟೆ ಹೋಗು. ಪೈಪು ಬರೋದರೊಳಗೆ ಹಣ್ಣು. ಬರದಿದ್ರೆ ನೀನೇ ಗಾಡಿ ತಂದು ನಿಲ್ಲಿಸ್ಬೇಕು."

ನಾನು ಅಲ್ಲೇ ಇದ್ದೆ, ಅವಳ ಸಮವಸ್ತ್ರದ ಗುಂಡಿ ಹಾಕಿಕೊಡಲು ಹೋಗಿದ್ದೆ. ಹೀಗಾಗಿ ಆ ಪಂದ್ಯಕ್ಕೆ ನಾನೇ ಸಾಕ್ಷಿ.

ಅದೇ ವಾರ ಎದುರುಮನೆಗೆ ಒಂದು ಕಪ್ಪು ಪೆಟ್ಟಿಗೆ ಬಂತು. ಎದೆಯೆತ್ತರದ ಪ್ಲಾಸ್ಟಿಕ್ ತೊಟ್ಟಿ, ಅದಕ್ಕೆ ಬಿಗಿಯಾಗಿ ಕೂರುವ ಮುಚ್ಚಳ, ಮುಚ್ಚಳದಲ್ಲಿ ಬಳೆಯಗಲದ ತೂತುಗಳು. ಒಂದೊಂದು ತೂತಿನಲ್ಲೂ ಜಾಲರಿಯ ಪುಟ್ಟ ಬಟ್ಟಲು, ಅದರೊಳಗೆ ಸ್ಪಂಜಿನ ತುಂಡಿನಲ್ಲಿ ಮೊಳೆತ ಟೊಮೆಟೊ ಸಸಿ. ಎಲೆ ಮುಚ್ಚಳದ ಮೇಲೆ, ಬೇರು ಕೆಳಗೆ ಕತ್ತಲಲ್ಲಿ ನೇತಾಡುತ್ತದೆ. ತೊಟ್ಟಿಯ ತಳದಲ್ಲಿ ಗೊಬ್ಬರದ ಸಾರ ಬೆರೆಸಿದ ಒಂದಿಷ್ಟು ನೀರು. ಸಣ್ಣ ಪಂಪೊಂದು ಆಗಾಗ ಎದ್ದು ಆ ನೀರನ್ನು ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುವ ಮೂತಿಗಳ ಮೂಲಕ ನೂಕುತ್ತದೆ. ನೀರು ಹನಿಯಾಗಿ ಬೀಳುವುದಿಲ್ಲ, ಹಬೆಯ ಹಾಗೆ ಹರಡಿ ಬೇರುಗಳನ್ನು ಸವರುತ್ತದೆ. ಬಿಸಿಲಿನ ಬದಲಿಗೆ ಮೇಲೊಂದು ಉದ್ದನೆಯ ದೀಪ. ಇದನ್ನೆಲ್ಲ ಜೋಡಿಸಿದ್ದು ಲಿಫ್ಟು ರಿಪೇರಿಯ ಮಗ. ಇಡಲು ಜಾಗವಿದ್ದದ್ದು ತಾತನ ಕೋಣೆಯಲ್ಲಿ ಮಾತ್ರ, ಮಂಚಕ್ಕೆ ಅಂಟಿದಂತೆ.

ತಾತ ಸುತ್ತ ಒಂದು ಸುತ್ತು ಬಂದರು.

"ಆಸ್ಪತ್ರೇಲಿ ಎದೆ ಕಟ್ಟಿದ ಮಕ್ಕಳಿಗೆ ಔಷಧಿನ ಹಬೆ ಮಾಡಿ ಕೊಡ್ತೀವಲ್ಲ ಮಾವ, ಹಾಗೇ ಇದು," ಎಂದಳು ಸೊಸೆ. "ಹನಿ ಹೋಗದ ಕಡೆಗೂ ಹಬೆ ಹೋಗುತ್ತೆ. ಬೇರಿಗೆ ನೀರೂ ಸಿಗುತ್ತೆ, ಗಾಳಿನೂ ಸಿಗುತ್ತೆ."

"ಹಾಗಾದ್ರೆ ನಾಳೆಯಿಂದ ನನಗೂ ತಟ್ಟೆ ಹಾಕ್ಬೇಡ. ಊಟದ ಹಬೆನ ಮೂಗಿಗೆ ಹಿಡಿ, ಹೊಟ್ಟೆ ತುಂಬುತ್ತೆ."

"ಎರಡನೇ ಸಲ ಕೇಳಿ ಹಾಕಿಸಿಕೊಳ್ಳೋರು ನೀವೇ ಅಲ್ವಾ."

"ಇದು ಗಿಡ ಅಲ್ಲ ಬಿಡಮ್ಮ. ಹಾಸಿಗೆ ಹಿಡಿದ ರೋಗಿ."

ರೋಗಿ ಎಂದು ಮೂಗು ಮುರಿದರೂ ಕಣ್ಣು ಅತ್ತಲೇ. ಪೆಟ್ಟಿಗೆ 'ಉಸ್' ಎಂದಾಗಲೆಲ್ಲ ತಿರುಗಿ ನೋಡುತ್ತಿದ್ದರು. ಬೇರಿಗೆ ಬೆಳಕು ತಾಗಿದರೆ ಪಾಚಿ ಕಟ್ಟುತ್ತದೆ, ಮುಚ್ಚಳ ತೆಗೆಯಬೇಡಿ ಎಂದು ಸೊಸೆ ಹೇಳಿ ಹೋಗುತ್ತಿದ್ದಳು. ಅವಳು ಮೆಟ್ಟಿಲಿಳಿದ ಸದ್ದು ನಿಂತ ಕೂಡಲೇ ಇವರು ಮುಚ್ಚಳದ ಅಂಚನ್ನು ಒಂದು ಬೆರಳಿನಷ್ಟು ಎತ್ತಿ ಇಣುಕುತ್ತಿದ್ದರು. ನನ್ನನ್ನೂ ಕರೆದು ತೋರಿಸಿದರು. ಒಳಗೆ ಬೇರುಗಳು ಬೆಳ್ಳಗೆ, ನಯವಾಗಿ, ಆಗತಾನೇ ಬಾಚಿದ ಮುದುಕಿಯ ಕೂದಲಿನ ಹಾಗೆ ಇಳಿಬಿದ್ದಿದ್ದವು. ಅವುಗಳ ತುಂಬ ಸಣ್ಣ ಸಣ್ಣ ಹನಿ. ನಾನು ಕೈಮುಗಿದೆ. ಮಣ್ಣಿನೊಳಗೆ ಯಾರೂ ನೋಡದ ಹಾಗೆ ದೇವರು ಮಾಡುವ ಕೆಲಸವನ್ನು ಹೀಗೆ ಬಿಚ್ಚಿ ನೋಡುತ್ತಿದ್ದೇನಲ್ಲ ಎಂದು ಸ್ವಲ್ಪ ಸಂಕೋಚವೂ ಆಯಿತು.

"ಇಷ್ಟು ವರ್ಷ ಗಿಡ ನೆಟ್ಟೆ," ಎಂದರು ತಾತ ಮೆಲ್ಲಗೆ. "ಬೇರು ಇಷ್ಟು ಚೆನ್ನಾಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ ತಾಯಿ. ಬೇರು ನೋಡಿದ್ದು ಗಿಡ ಕಿತ್ತಾಗ ಮಾತ್ರ." ಮುಚ್ಚಳ ಇಳಿಸುತ್ತಾ, "ಆದ್ರೂ ಪಾಪ, ಕೂಸನ್ನ ಎತ್ತಿ ಹಿಡಿದು ಕಾಲು ನೆಲಕ್ಕೆ ತಾಗಿಸದೇ ಇದ್ದ ಹಾಗೆ" ಎಂದರು.

ಗಿಡಗಳು ಬೆಳೆದದ್ದು ನೋಡಿ ನಮಗೆಲ್ಲ ಸೋಜಿಗ. ಮಗ ಮೇಲಿನ ಕಂಬಿಗೆ ದಾರ ಕಟ್ಟಿ ಬಳ್ಳಿಗಳನ್ನು ಹಬ್ಬಿಸಿದ. ಕೋಣೆಯ ತುಂಬ ಟೊಮೆಟೊ ಎಲೆಯ ಘಮ. ಹಳದಿ ಹೂವು ಬಿಟ್ಟ ದಿನ ಸೊಸೆ ಆಸ್ಪತ್ರೆಯ ಚಪ್ಪಲಿಯಲ್ಲೇ ಬಂದು ನನ್ನ ಬಾಗಿಲು ಬಡಿದಳು. ಇಬ್ಬರೂ ಹೋಗಿ ಒಂದೊಂದೇ ಹೂವು ನೋಡಿದೆವು. ತಾತ ಮಂಚದ ಮೇಲೆ ಕಾಲು ಮಡಿಸಿ ಕೂತು, "ಹೂವು ಬಿಡೋದು ಯಾವ ದೊಡ್ಡ ವಿಷಯ. ಹಣ್ಣು ಎಲ್ಲಿ?" ಎಂದರು.

ಹಣ್ಣು ಬರಲಿಲ್ಲ. ಹೂವು ಅರಳುವುದು, ತೊಟ್ಟು ಹಳದಿಯಾಗುವುದು, ಮುಚ್ಚಳದ ಮೇಲೆ ಉದುರುವುದು. ಸೊಸೆ ನೀರಿನ ಸಾರ ಬದಲಾಯಿಸಿದಳು, ದೀಪ ಎತ್ತರಿಸಿದಳು. ಮತ್ತೆ ಅರಳಿದವು, ಮತ್ತೆ ಉದುರಿದವು. ಇದರ ನಡುವೆ ಉದ್ಯಾನದಿಂದ ಫೋನು ಬಂತು. ಪೈಪುಗಳು ಮುಂದಿನ ವಾರ ಬರುತ್ತವೆ.

"ಅಪ್ಪ ಗೆದ್ದ ಹಾಗೇ," ಎಂದ ಮಗ, ಹೆಂಡತಿಯ ಮುಖ ನೋಡದೆ.

ಗೆದ್ದವರು ಕೊಚ್ಚಿಕೊಳ್ಳಬೇಕು, ತಾತನ ಬಾಯಿಗೆ ಬೀಗ ಬಿದ್ದಿತ್ತು. ಅಂದು ತಮ್ಮ ಬಟ್ಟೆಯ ಪೆಟ್ಟಿಗೆ ಕಟ್ಟಲು ಹಗ್ಗ ಹುಡುಕುತ್ತೇನೆ ಎಂದವರು, ನನ್ನ ಮನೆಗೆ ಬಂದು ಟೀ ಕುಡಿದು ಹಗ್ಗ ಕೇಳದೆ ಹೋದರು.

ಎರಡು ದಿನ ಬಿಟ್ಟು ಬೆಳಿಗ್ಗೆ, ನಾನು ಪ್ರಾರ್ಥನೆ ಮುಗಿಸಿ ಯಂತ್ರಕ್ಕೆ ದಾರ ಹಾಕುತ್ತಿದ್ದೆ. ಎದುರುಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಬಾಗಿಲಲ್ಲಿ ತಾತ.

"ತಾಯಿ, ಗಿಡಗಳು ತಲೆ ಬಾಗಿಸಿದಾವೆ. ಪೆಟ್ಟಿಗೆ ಉಸಿರಾಡ್ತಿಲ್ಲ."

ಓಡಿದೆ. ಬಳ್ಳಿಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಪಂಪು ಗೊರಗೊರ ಎನ್ನುತ್ತಿತ್ತು, ಹಬೆ ಇಲ್ಲ. ಮುಚ್ಚಳ ಎತ್ತಿದೆ. ತಳದ ನೀರು ಕೆಂಪಗೆ ರಾಡಿಯಾಗಿತ್ತು, ಮೂತಿಗಳ ಬಾಯಿಗೆಲ್ಲ ಕೆಸರು ಮೆತ್ತಿತ್ತು. ಮಂಚದ ಕೆಳಗೆ ನೋಡಿದೆ. ಚೀಲದ ಬಾಯಿ ಬಿಚ್ಚಿತ್ತು.

ಆಗ ಕೇಳುವ ಹೊತ್ತಾಗಿರಲಿಲ್ಲ. ಸೊಸೆಗೆ ಫೋನು ಮಾಡಿದೆ. ಅವಳು ವಾರ್ಡಿನಲ್ಲಿದ್ದಳು, ಎತ್ತಿಕೊಳ್ಳಲಿಲ್ಲ. ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಸಿಂಪಡಿಸುವ ನನ್ನ ಸ್ಪ್ರೇ ಬಾಟಲಿ ನೆನಪಾಯಿತು. ಅದನ್ನೂ, ಕೋಟಿನ ಒಳಗೆ ಹಾಕುವ ಕಪ್ಪು ಬಟ್ಟೆಯ ಒಂದು ತುಂಡನ್ನೂ ತಂದೆ. ಮುಚ್ಚಳವನ್ನು ಒಂದು ಬದಿ ಸ್ವಲ್ಪ ಎತ್ತಿ, ಸಂದಿಗೆ ಬಟ್ಟೆ ಇಳಿಬಿಟ್ಟು, ಅದರಡಿ ಕೈ ತೂರಿಸಿ ಬೇರುಗಳಿಗೆ ನೀರು ಹೊಡೆದೆ. ನನ್ನ ಬೆರಳು ಸೋತಾಗ ತಾತ ಹೊಡೆದರು. ಅವರು ಸೋತಾಗ ನಾನು. ಈ ಬದಿ ಮುಗಿದರೆ ಆ ಬದಿ ಎತ್ತುವುದು, ಎತ್ತಿದಾಗಲೆಲ್ಲ ಮುಚ್ಚಳ ಅಲ್ಲಾಡಿ ಗಿಡಗಳೆಲ್ಲ ತೂಗುವುದು. ಹೀಗೆ ಮಧ್ಯಾಹ್ನ ಕಳೆಯಿತು.

"ಗಿಡ ಸಾಯಲಿ ಅಂತ ಹಾಕಿದ್ದಲ್ಲ," ಎಂದರು ತಾತ, ನಾನು ಕೇಳದೆಯೇ.

ನಾನು ಬಾಟಲಿ ಒತ್ತುತ್ತಿದ್ದೆ.

"ಕೆಲಸದಿಂದ ಬಂದವಳು ಬಟ್ಟೆ ಬದಲಾಯಿಸೋ ಮೊದಲು ಹೂವು ನೋಡ್ತಾಳೆ. ಉದುರಿದ್ದನ್ನ ಅಂಗೈಲಿ ಇಟ್ಕೊಂಡು ನಿಲ್ತಾಳೆ. ಆಮೇಲೆ ನನ್ನ ಕಡೆ ತಿರುಗಿ ನಗ್ತಾಳೆ. ಆ ನಗು ನೋಡೋಕಾಗಲ್ಲ ತಾಯಿ. ಹೆಣ್ಣುಮಗು ಇಷ್ಟು ಒದ್ದಾಡ್ತಿದೆ, ಹಣ್ಣಾಗೋಕೆ ಇವಕ್ಕೆ ಒಂದು ಹಿಡಿ ಮಣ್ಣಿನ ರುಚಿ ಸಿಕ್ಕಿದ್ರೆ ಸಾಕೇನೋ ಅನ್ನಿಸ್ತು. ಬೆಳಿಗ್ಗೆ ಅವಳು ಹೋದ ಮೇಲೆ ಹಾಕ್ದೆ. ಎರಡೇ ಹಿಡಿ."

"ಇಲ್ಲೇ ಇರ್ತೀನಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ತಾತ."

ತಾತ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ನೀರು ಹೊಡೆದರು. "ಹೋಗ್ತೀನಿ ಹೋಗ್ತೀನಿ ಅಂತ ಕುಣಿದವನು ಈಗ ಯಾವ ಬಾಯಲ್ಲಿ ಹೇಳ್ಲಿ? ಗಿಡ ಗೆದ್ರೆ ನಾನು ಸೋತ ಹಾಗೆ. ಸೋತವನು ಇರ್ಲೇಬೇಕು. ಯಾರೂ ಏನೂ ಕೇಳಲ್ಲ."

"ಅಂದ್ರೆ ಸೋಲೋಕೆ ಅಂತ ಮೋಸ ಮಾಡಿದ್ರಿ."

"ಗೆಲ್ಲೋಕೆ ಮೋಸ ಮಾಡೋರು ಬೇಕಾದಷ್ಟು ಜನ ಇದಾರೆ ಬಿಡು," ಎಂದರು. ನನಗೆ ನಗು ಬಂತು. ಆದರೆ ಅವರ ಕಣ್ಣು ಒದ್ದೆಯಾಗಿತ್ತು, ನಾನು ನಗಲಿಲ್ಲ.

ಇಳಿಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರು. ಸೊಸೆ ರಾಡಿ ನೀರು ನೋಡಿದಳು, ಮಾವನ ಉಗುರಿನ ಸಂದಿಯ ಮಣ್ಣು ನೋಡಿದಳು. ಮುಖದ ಬಣ್ಣ ಇಳಿಯಿತು. ಮಗ ತಡೆದುಕೊಳ್ಳಲಿಲ್ಲ. "ಅಪ್ಪ, ಹೇಗೂ ಗೆದ್ದಿದ್ರಿ. ಗಿಡ ಕೊಲ್ಲೋ ಅಷ್ಟು ಅವಸರ ಯಾಕೆ? ನಮ್ಮ ಮನೆ ಅಷ್ಟು ಬೇಡವಾಯ್ತಾ?"

ತಾತ ತಲೆ ತಗ್ಗಿಸಿದರು. ಅವರ ಮನಸ್ಸಿನ ಗುಟ್ಟು ಹೇಳುವ ಹಕ್ಕು ನನಗಿತ್ತೋ ಇಲ್ಲವೋ, ಪಂದ್ಯಕ್ಕೆ ಸಾಕ್ಷಿಯಂತೂ ನಾನೇ ಆಗಿದ್ದೆ.

"ಅವರು ಗೆಲ್ಲೋಕೆ ಹಾಕಿದ್ದಲ್ಲಪ್ಪ," ಎಂದೆ. "ಸೋಲೋಕೆ ಹಾಕಿದ್ದು. ಮಣ್ಣು ಸಿಕ್ಕಿದ್ರೆ ಹಣ್ಣಾಗುತ್ತೆ ಅಂದ್ಕೊಂಡ್ರು."

ಸೊಸೆ ಮಾವನನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಹೊರಟಿತು. ನಿಲ್ಲಲಾರದೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಮಾವ, ಇರ್ಬೇಕು ಅಂತ ಆಸೆ ಇದ್ರೆ ನನ್ನ ಕಿವೀಲಿ ಹೇಳೋದಲ್ವಾ. ಪಂಪಿನ ಮೂತಿಗೆ ಯಾಕೆ ಹೇಳಿದ್ರಿ?"

"ಗೊತ್ತಾಯ್ತಲ್ಲ ಈಗ," ಎಂದರು ತಾತ, ಗೋಡೆ ನೋಡುತ್ತಾ. "ನಗಬೇಡ. ಗಿಡ ನೋಡು."

ನೋಡಿದಳು. ಅವಳ ಕೈ ಆಸ್ಪತ್ರೆಯ ಕೈ; ಗಾಬರಿಗೆ ಅಲ್ಲಿ ಜಾಗವಿಲ್ಲ. ಗಂಡ ರಾಡಿ ನೀರು ಚೆಲ್ಲಿ ತೊಟ್ಟಿ ತೊಳೆದ. ಇವಳು ಮೂತಿಗಳನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿದಳು. ನಾನು ಮಣಿ ಪೋಣಿಸುವ ಅತಿ ಸಣ್ಣ ಸೂಜಿ ತಂದು ಒಂದೊಂದರ ಕಣ್ಣನ್ನೂ ಬಿಡಿಸಿದೆ. ತಾತನ ಕೈಯಲ್ಲಿ ಮಾತ್ರ ಬಾಟಲಿ. ಬೇರೆ ಯಾರಿಗೂ ಕೊಡಲಿಲ್ಲ. ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದಾಗ ಪೆಟ್ಟಿಗೆ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ 'ಉಸ್' ಎಂದಿತು. ಆ ಸದ್ದಿಗೆ ನಾಲ್ಕು ಜನ ಒಟ್ಟಿಗೆ ಉಸಿರು ಬಿಟ್ಟೆವು. ಮಾರನೆಯ ಬೆಳಿಗ್ಗೆ ಬಳ್ಳಿಗಳು ತಲೆಯೆತ್ತಿದ್ದವು.

ಆದರೆ ನಿಜವಾದ ಸುದ್ದಿ ಬಂದದ್ದು ಅದರ ಮುಂದಿನ ವಾರ. ತಾತ ನನ್ನ ಬಾಗಿಲಿಗೆ ಬಂದು, ಮಾತಾಡದೆ ಕೈಸನ್ನೆ ಮಾಡಿ ಕರೆದರು. ಒಂದು ಗೊಂಚಲಿನಲ್ಲಿ, ಬಾಡಿದ ಹೂವಿನ ಹಿಂದೆ, ಮೆಣಸಿನ ಕಾಳಿನಷ್ಟು ಹಸಿರು ಗುಂಡು. ಪಕ್ಕದಲ್ಲಿ ಇನ್ನೊಂದು. ಗಿಡ ಬಾಡಿದ ದಿನ ಅರಳಿದ್ದ ಹೂವುಗಳು ಮಾತ್ರ ಕಾಯಿ ಕಟ್ಟಿದ್ದವು.

"ನಾನೆಂಥ ಪೆದ್ದ," ಎಂದರು, ಹಣೆ ಬಡಿದುಕೊಂಡು. "ಅವತ್ತು ನಾವಿಬ್ಬರೂ ಮುಚ್ಚಳ ಅಲ್ಲಾಡಿಸಿ ಅಲ್ಲಾಡಿಸಿ ಹೂವಿನ ಧೂಳು ಉದುರಿಸಿದ್ವಿ, ಅದಕ್ಕೇ ಕಾಯಿ ಕಟ್ತು. ಉದ್ಯಾನದಲ್ಲಿ ಗಾಳಿ ಇತ್ತು, ಜೇನು ಇತ್ತು. ಅವು ಮಾಡ್ತಿದ್ದ ಕೆಲಸ ಅಂತ ನಾನು ಯೋಚನೆನೇ ಮಾಡಿರಲಿಲ್ಲ. ಈ ಕೋಣೆಯೊಳಗೆ ಯಾವ ಜೇನು ಲಿಫ್ಟು ಹತ್ತಿ ಬರುತ್ತೆ?"

ಅಂದಿನಿಂದ ತಾತನಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಮುಖ ತೊಳೆದು, ಅಂಗಿ ಹಾಕಿಕೊಂಡು, ಪ್ರತಿ ಹೂವಿನ ತೊಟ್ಟಿಗೂ ಬೆರಳಿನಿಂದ ಮೆಲ್ಲಗೆ ಮೀಟುತ್ತಾರೆ. ಬಾಯಲ್ಲಿ ಜೇನಿನ ಹಾಗೆ ಒಂದು ಗುಂಯ್‌ಗುಡುವಿಕೆ. ಅದು ಹೂವಿಗೆ ಬೇಕಿಲ್ಲ ಎಂದು ಸೊಸೆ ಹೇಳಿ ನೋಡಿದಳು. "ನಿನಗೆ ಗೊತ್ತಿಲ್ಲ ಸುಮ್ನಿರು" ಎಂದರು. ಕಟ್ಟಡದವರಿಗೆಲ್ಲ ಈಗ ಅವರು ಜೇನುತಾತ. ಒದ್ದೆ ದಿಂಬಿನ ಯಜಮಾನನೂ ಹಾಗೇ ಕರೆಯುತ್ತಾನೆ.

ಮೊದಲ ಹಣ್ಣು ಕೆಂಪಾದ ದಿನ ಎಲ್ಲರೂ ಆ ಕೋಣೆಯಲ್ಲಿ ಸೇರಿದ್ದೆವು. ಸೊಸೆ ಅದನ್ನು ಕಿತ್ತು ನಾಲ್ಕು ಹೋಳು ಮಾಡಿದಳು. ನಾನು ಮನಸ್ಸಿನಲ್ಲೇ ಒಂದು ಮಾತು ದೇವರಿಗೆ ಹೇಳಿ ಬಾಯಿಗಿಟ್ಟೆ. ಸಿಹಿಯಿತ್ತು.

"ಅಪ್ಪ, ಮುಂದಿನ ವಾರ ಅಂದ ಪೈಪು ಇನ್ನೂ ಬಂದಿಲ್ಲ, ಹಣ್ಣು ಬಂತು. ಸೋತ್ರಿ," ಎಂದ ಮಗ.

ತಾತ ಹೋಳನ್ನು ನಿಧಾನವಾಗಿ ಅಗಿದು ನುಂಗಿದರು. "ಅದು ಹೇಗೆ? ಪಂದ್ಯ ಇದ್ದಿದ್ದು ಮಣ್ಣಿಲ್ಲದ ಗಿಡದ ಮೇಲೆ. ಈ ಗಿಡ ಮಣ್ಣು ಕಂಡಿದೆ. ಇದು ಲೆಕ್ಕಕ್ಕಿಲ್ಲ. ಹೊಸ ಸಸಿ ಹಾಕಿ ಮೊದಲಿಂದ ಶುರು ಮಾಡಿ. ಅಲ್ಲಿವರೆಗೆ ನಾನು ಕಾದು ನೋಡ್ಲೇಬೇಕಲ್ಲ."

"ಮತ್ತೆ ಉದ್ಯಾನದ ಕೋಣೆ?" ಎಂದ ಮಗ.

"ಪೈಪು ತುಂಬಿಸ್ಕೋ ಅಂತ ನಿನ್ನೆನೇ ಫೋನು ಮಾಡ್ದೆ. ಪೈಪಿಗೂ ಇರೋಕೆ ಜಾಗ ಬೇಡವಾ."

ಸೊಸೆ ಮುಖ ಗಂಭೀರ ಮಾಡಿಕೊಂಡು ಮಂಚದ ಕೆಳಗಿನ ಚೀಲ ಎಳೆದಳು. "ಸರಿ ಮಾವ. ಈ ಸಲ ಮೋಸ ನಡೆಯಲ್ಲ. ಅಕ್ಕ, ಇದರ ಬಾಯಿ ಹೊಲಿದುಬಿಡಿ, ಬಿಗಿಯಾಗಿ." ಚೀಲ ನನ್ನ ಕೈಗೆ ಬಂತು.

ಮನೆಗೆ ಬಂದು ಚೀಲವನ್ನು ಯಂತ್ರದ ಸೂಜಿಯ ಕೆಳಗಿಟ್ಟು ದಪ್ಪ ದಾರ ಹಾಕುತ್ತಿದ್ದೆ. ಹಿಂದೆಯೇ ತಾತ ಬಂದರು. ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ಎದುರುಮನೆ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ತಾಯಿ, ಆ ಮೂಲೇಲಿ ಎರಡು ಬೆರಳು ಹೋಗೋ ಅಷ್ಟು ಸಡಿಲ ಬಿಡು."

ಬಿಟ್ಟೆ.